ಕಲ್ಲಿಗೆ ಬರ ಬಂದೈತೇನ ನಮ್ಮೂರಾಗ? ಅಪ್ಪ ಅವ್ವನ ಜೊತೆ ಎಂಟು ದಿನ ಕೆಂಪು ಕಣಿವೆಗಳಲ್ಲಿ

"ಕಲ್ಲ ನೋಡಾಕ ಅಷ್ಟ್ ದೂರ ಹೋಗೂದೇನ? ನಮ್ಮೂರಾಗ ಕಲ್ಲಿಗೆ ಬರ ಬಂದೈತೇನ?" ಅಂತ ಅವ್ವ ಕೇಳಿದಾಗ ನನಗೆ ಉತ್ತರ ಹೊಳೀಲಿಲ್ಲ. ಗುಳೇದಗುಡ್ಡದಲ್ಲಿ ಹುಟ್ಟಿ, ಬಾದಾಮಿ ಗುಡ್ಡ ನೋಡ್ತಾ ಬೆಳೆದವಳಿಗೆ ಕೆಂಪು ಕಲ್ಲಿನ ಕಣಿವೆ ತೋರಿಸ್ತೀನಿ ಅಂದ್ರೆ ಇನ್ನೇನು ಕೇಳ್ತಾಳೆ. ಆದ್ರೂ ನಾವಿರೋ ಅಮೆರಿಕದ ಫೀನಿಕ್ಸಿಂದ ಅರಿಝೋನಾ, ಯೂಟಾ ರಾಜ್ಯಗಳ ಕಣಿವೆಗಳ ಕಡೆ ಹೊರಟ್ವಿ. 2024ರ ಅಕ್ಟೋಬರ್ ಮೊದಲ ವಾರ, ಮಗಳ ಸ್ಕೂಲಿಗೆ ಫಾಲ್ ಬ್ರೇಕ್ ರಜೆ, ಅಪ್ಪ ಅವ್ವ ಊರಿಗೆ ವಾಪಸ್ ಹೋಗೋಕೆ ಇನ್ನು ಮೂರೇ ವಾರ. ನಾನು ಎರಡು ತಿಂಗಳು ಕೂತು ಗಂಟೆ ಗಂಟೆಗೂ ಪ್ಲ್ಯಾನ್ ಮಾಡಿ ಒಂದು ಎಕ್ಸೆಲ್ ಶೀಟ್ ರೆಡಿ ಮಾಡಿದ್ದೆ, ರೂಮುಗಳೆಲ್ಲ ಆಗಸ್ಟಲ್ಲೇ ಬುಕ್ ಆಗಿದ್ವು. ಅವ್ವ ಅವಳ ಪ್ಲ್ಯಾನ್ ಅವಳು ಮಾಡ್ಕೊಂಡಿದ್ಲು: ಎಂಬತ್ತು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಕೆಂಪು ಖಾರ. ದಾರಿ ಉದ್ದಕ್ಕೂ ಹೆಚ್ಚು ಕೆಲಸಕ್ಕೆ ಬಂದಿದ್ದು ಅವಳ ಪ್ಲ್ಯಾನೇ, ಆ ಸೀಮೆಯಲ್ಲಿ ಸಸ್ಯಾಹಾರಿಗಳಿಗೆ ಸಂಜೆ ಏಳರ ಮೇಲೆ ಊಟ ಸಿಗೋದು ಕಷ್ಟ, ಸಣ್ಣ ಊರುಗಳಲ್ಲಿ ಇರೋದೇ ಒಂದೋ ಎರಡೋ ಹೋಟೆಲ್ಲು.

ಹೊರಡೋ ದಿನ ಬೆಳಗ್ಗೆ ಅವ್ವ ನಮ್ಮ ಹಿತ್ತಿಲಿನ ಮೆಸ್ಕೀಟ್ ಮರದಿಂದ ಒಂದು ಹಿಡಿ ಎಲೆ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಹಾಕ್ಕೊಂಡ್ಲು. ಯಾಕೆ ಅಂದ್ರೆ "ಇರ್ಲಿ" ಅಂದ್ಲು ಅಷ್ಟೇ.

ಮೊದಲ ದಿನ: ಫೀನಿಕ್ಸಿಂದ ಪೇಜ್, ಕನಾಬ್

ಅಕ್ಟೋಬರ್ ಬಂದ್ರೂ ಫೀನಿಕ್ಸಲ್ಲಿ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಲ್ಲೇ ಇತ್ತು. ಬೆಳಗ್ಗೆ ಐದೂವರೆಗೆ ಬಿಟ್ವಿ, ಎರಡು ಗಂಟೆ ಘಾಟಿ ಏರಿ ಏರಿ 7,000 ಅಡಿ ಎತ್ತರದ ಫ್ಲ್ಯಾಗ್‌ಸ್ಟಾಫಲ್ಲಿ ಇಳಿದ್ರೆ ಪೈನ್ ಮರದ ಗಾಳಿ, ಅವ್ವ ಸೆರಗು ಕಿವಿಗೆ ಸುತ್ಕೊಂಡ್ಲು. ಅಲ್ಲಿಂದ ಉತ್ತರಕ್ಕೆ ಇಳಿದಂಗೆ ಮರ ಎಲ್ಲ ಮಾಯ, ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ನೆಲ ಶುರು.

ಕ್ಯಾಮೆರಾನ್ ದಾಟಿದ ಮೇಲೆ ನನ್ನ ಫೋನ್ ನೋಡಿ ಎದೆ ಧಸಕ್ ಅಂತು. ಪೇಜ್ ಹತ್ತಿರದ ಆಂಟಿಲೋಪ್ ಕ್ಯಾನ್ಯನ್ ಅನ್ನೋ ಇಕ್ಕಟ್ಟು ಕಣಿವೆಯ ಟೂರಿಗೆ ಒಂದು ಗಂಟೆಗೆ ಟಿಕೆಟ್ಟು, ಫೋನಲ್ಲಿ ಆಗಲೇ ಹನ್ನೊಂದೂ ಮುಕ್ಕಾಲು, ಅಲ್ಲಿಗೆ ಇನ್ನೂ ಒಂದೂಕಾಲು ಗಂಟೆ ದಾರಿ. ಅವರು ಅರ್ಧ ಗಂಟೆ ಮುಂಚೆ ಬರಬೇಕು ಅಂತ ಬರೆದಿದ್ರು, ತಪ್ಪಿದ್ರೆ ದುಡ್ಡೂ ಹೋಯ್ತು ಟೂರೂ ಹೋಯ್ತು. ನಮ್ಮನೆಯವರಿಗೆ ಜೋರಾಗಿ ಓಡಿಸಿ ಅಂತ ಗಲಾಟೆ ಮಾಡ್ತಿದ್ದೆ. ಹಿಂದಿನ ಸೀಟಿಂದ ಅಪ್ಪ ತಮ್ಮ ಎಚ್‌ಎಂಟಿ ವಾಚ್ ನೋಡ್ಕೊಂಡು "ಹತ್ತೂ ಮುಕ್ಕಾಲ ಆಗೈತಿ, ಯಾಕ ಅವಸರ ಮಾಡ್ತೀರಿ" ಅಂದ್ರು. ಆಮೇಲೆ ತಲೆಗೆ ಹೋಯ್ತು. ಅರಿಝೋನಾ ರಾಜ್ಯದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಹಾಕೋ ಪದ್ಧತಿ ಇಲ್ಲ, ಅದೇ ರಾಜ್ಯದೊಳಗೆ ನವಾಹೊ ಜನರೇ ಆಳ್ಕೊಳ್ಳೋ ನವಾಹೊ ನೇಷನ್ನಲ್ಲಿ ಇದೆ, ಪೇಜ್ ಊರಲ್ಲಿ ಮತ್ತೆ ಇಲ್ಲ. ಫೋನ್ ಯಾವ ಟವರ್ ಹಿಡಿದ್ರೆ ಆ ಟೈಮ್ ತೋರಿಸುತ್ತೆ. ಮಾರ್ಚಿಂದ ನವೆಂಬರ್ ಶುರುವಿನ ತನಕ ಆ ಕಡೆ ಹೋಗೋರು ಫೋನಲ್ಲಿ ಫೀನಿಕ್ಸ್ ಟೈಮ್ ಕೈಯಾರೆ ಸೆಟ್ ಮಾಡಿಡಿ, ಇಲ್ಲಾಂದ್ರೆ ಅಪ್ಪನ ವಾಚಿನಂಥದ್ದು ಒಂದು ಕಟ್ಕೊಳ್ಳಿ.

ಹಿಂಗೆ ಸಿಕ್ಕ ಒಂದು ಗಂಟೇಲಿ ಗ್ಲೆನ್ ಕ್ಯಾನ್ಯನ್ ಡ್ಯಾಮ್ ನೋಡೋಕೆ ಹೋದ್ವಿ, ಅದು ನನ್ನ ಶೀಟಲ್ಲೇ ಇರಲಿಲ್ಲ. ಕೊಲೊರಾಡೋ ನದಿಗೆ ಅಡ್ಡ ಕಟ್ಟಿದ 710 ಅಡಿ ಎತ್ತರದ ಕಾಂಕ್ರೀಟ್ ಗೋಡೆ. 1963ರಲ್ಲಿ ನೀರು ನಿಲ್ಲಿಸೋಕೆ ಶುರು ಮಾಡಿದ್ದು, ಅದರ ಹಿನ್ನೀರು ಲೇಕ್ ಪವೆಲ್ ಪೂರ್ತಿ ತುಂಬೋಕೆ 1980 ಆಯ್ತು. ಈಗ ಅರ್ಧಕ್ಕಿಂತ ಕಮ್ಮಿ ನೀರು, ಬಂಡೆಗಳ ಮೇಲೆ ಹಳೇ ನೀರಿನ ಮಟ್ಟ ಬೆಳ್ಳಗೆ ಸುಣ್ಣ ಬಳಿದ ಪಟ್ಟಿ ಥರ ಕಾಣುತ್ತೆ. ಆ ನೀರಿನ ಅಡೀಲಿ ಒಂದು ಇಡೀ ಕಣಿವೆ ಮುಳುಗಿತ್ತು, ಅದರ ಗೋಡೆ ಸಂದಿಗಳು, ಹಳೇ ಜನರ ವಾಸದ ಗುರುತುಗಳು, ನೀರು ಇಳಿದಂಗೆ ಕೆಲವು ಈಗ ಮತ್ತೆ ಮೇಲೆ ಬರ್ತಿವೆ ಅಂತ ನಾನು ಅಪ್ಪಂಗೆ ಹೇಳಿದೆ. ಅಪ್ಪ ತುಂಬಾ ಹೊತ್ತು ಕಂಬಿ ಹಿಡ್ಕೊಂಡು ಸುಮ್ನೆ ನಿಂತಿದ್ರು.

ಹಳೇ ಬಾಗಲಕೋಟೆಯಲ್ಲಿ ನಾವು ಬಾಡಿಗೆಗೆ ಇದ್ದ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯ್ತು. ನನಗೆ ಮಸುಕು ನೆನಪು, ನವನಗರಕ್ಕೆ ಬಂದಾಗ ಸಣ್ಣವಳು. ಅಪ್ಪ ಅಂದ್ರು, "ಮನಿದು ಏನಿಲ್ಲ ಬಿಡು, ಅದು ನಮ್ದಲ್ಲ. ಓಣಿ ತುದಿಗೆ ಬನ್ನಿಕಟ್ಟಿ ಇತ್ತು. ದಸರಾಕ ಇಡೀ ಓಣಿ ಅಲ್ಲೇ ಕೂಡ್ತಿತ್ತು. ಕಡೀ ವರ್ಷ ಬನ್ನಿ ಮುಡಿಯೂ ಮುಂದ ಎಲ್ಲಾರಿಗೂ ಗೊತ್ತಿತ್ತು, ಬರೂ ವರ್ಷ ಇಲ್ಲಿ ನೀರು ಅಂತ. ಯಾರೂ ಮಾತಾಡ್ಲಿಲ್ಲ." ಇಷ್ಟು ವರ್ಷದಲ್ಲಿ ಅಪ್ಪ ಇದನ್ನ ಹೇಳಿದ್ದು ಅದೇ ಮೊದಲು.

ಆಂಟಿಲೋಪಲ್ಲಿ ಎರಡು ಕಣಿವೆ ಇವೆ. ಕೆಳಗಿನದಕ್ಕೆ ಕಡಿದಾದ ಕಬ್ಬಿಣದ ಏಣಿಗಳು, ಮೇಲಿನದು ಒಳಗೆ ಸಮತಟ್ಟು, ವಯಸ್ಸಾದವರು ಜೊತೇಲಿದ್ರೆ ದುಡ್ಡು ಜಾಸ್ತಿ ಆದ್ರೂ ಮೇಲಿನದೇ ತಗೊಳ್ಳಿ. ಎರಡಕ್ಕೂ ನವಾಹೊ ಗೈಡ್ ಇಲ್ಲದೆ ಬಿಡಲ್ಲ. 1997ರ ಆಗಸ್ಟಲ್ಲಿ ಎಲ್ಲೋ ಮೈಲುಗಟ್ಟಲೆ ದೂರ ಸುರಿದ ಮಳೆ ಪ್ರವಾಹ ಆಗಿ ಬಂದು ಕೆಳಗಿನ ಕಣಿವೇಲಿ 11 ಜನ ಸತ್ತಿದ್ರು. ಇಲ್ಲಿ ಆಕಾಶ ನೀಲಿ ಇದ್ರೂ ಪ್ರವಾಹ ಬರಬಹುದು ಅಂತ ಗೈಡ್ ಹುಡುಗ ಎರಡು ಸಲ ಹೇಳಿದ. ಒಳಗೆ ಗೋಡೆ ಮೇಲಿನ ಗೆರೆ ನೋಡಿ ಅವ್ವ, ನಮ್ಮಲ್ಲಿ ಹಳ್ಳ ಬಂದು ಹೋದ ಮೇಲೆ ಮರಳು ಹಿಂಗೇ ಗೆರಿ ಗೆರಿ ಕೂಡತೈತಿ ಅಂದ್ಲು. ಹಳ್ಳ ಮಾಡಿದ ಕೆಲಸವೇ ಅದು. ರಾತ್ರಿ ಕನಾಬಲ್ಲಿ ರೊಟ್ಟಿ ಮೊಸರು ತಿಂದು ಮಲಗಿದ್ವಿ.

ಎರಡನೇ ದಿನ: ಜಾಯನ್

ಜಾಯನ್ ನ್ಯಾಷನಲ್ ಪಾರ್ಕಿನ ಪೂರ್ವದ ಬಾಗಿಲಿಂದ ಒಳಗೆ ಹೋದ್ವಿ. ಅಲ್ಲೇ 80 ಡಾಲರ್ ಕೊಟ್ಟು ನ್ಯಾಷನಲ್ ಪಾರ್ಕುಗಳ ವರ್ಷದ ಪಾಸ್ ತಗೊಂಡೆ, ಒಂದೊಂದು ಪಾರ್ಕಿಗೆ 20ರಿಂದ 35 ಡಾಲರ್ ಇತ್ತು, ನಮ್ಮ ಥರ ಆರು ಪಾರ್ಕ್ ನೋಡೋರಿಗೆ ಮೂರನೇದಕ್ಕೇ ಅಸಲು ಬಂತು. ಒಳಗೆ 1930ರಲ್ಲಿ ಬೆಟ್ಟ ಕೊರೆದು ಮಾಡಿದ ಒಂದು ಮೈಲಿಗಿಂತ ಸ್ವಲ್ಪ ಉದ್ದದ ಸುರಂಗ, ನಡುವೆ ಅಲ್ಲಲ್ಲಿ ಕಿಟಕಿ ಥರ ತೂತುಗಳು. ಕತ್ತಲೆಯಿಂದ ಹೊರಗೆ ಬಂದಾಗ ಕಣಿವೆ ಒಮ್ಮೆಗೇ ತೆರ್ಕೊಳ್ಳುತ್ತೆ. ಕಾರಲ್ಲಿ ಐದೂ ಜನ ಮಾತು ನಿಲ್ಲಿಸಿದ್ವಿ.

ಮುಖ್ಯ ಕಣಿವೆ ಒಳಗೆ ವರ್ಷದ ಹೆಚ್ಚಿನ ತಿಂಗಳು ಸ್ವಂತ ಕಾರ್ ಬಿಡಲ್ಲ, ಶಟಲ್ ಬಸ್ಸು ಫ್ರೀ. ಪಾರ್ಕಿಂಗ್ ಜಾಗ ಬೆಳಗ್ಗೆ ಎಂಟೂವರೆ ಒಳಗೇ ತುಂಬಿಹೋಗ್ತಿತ್ತು, ನಮಗೆ ಸಿಕ್ಕಿದ್ದು ಕೊನೆ ಮೂಲೆ. ಏಂಜಲ್ಸ್ ಲ್ಯಾಂಡಿಂಗ್ ಅನ್ನೋ ಚೈನ್ ಹಿಡ್ಕೊಂಡು ಹತ್ತೋ ದಾರಿಗೆ 2022ರಿಂದ ಲಾಟರಿ ಪರ್ಮಿಟ್ ಬೇಕು, ನಮಗೆ ಅದು ಬೇಕಿರಲಿಲ್ಲ. ಬಸ್ಸಿನ ಕೊನೇ ಸ್ಟಾಪಿಂದ ವರ್ಜಿನ್ ನದಿ ಪಕ್ಕ ಹೋಗಿ ಬರೋಕೆ ಎರಡೂಕಾಲು ಮೈಲಿ ನೆರಳಿನ ದಾರಿ ಇದೆ, ಸಿಮೆಂಟ್ ಹಾಕಿದ್ದು, ಗೋಡೆಯಿಂದ ನೀರು ಜಿನುಗಿ ಜರಿಗಿಡ ನೇತಾಡ್ತಿರ್ತವೆ. ಅದನ್ನ ಮೂರು ಗಂಟೆ ನಡೆದ್ವಿ.

ನದಿ ಕಂಡ ತಕ್ಷಣ ಅವ್ವ ಚಪ್ಪಲಿ ಬಿಟ್ಟು ಇಳಿದ್ಲು. ಕಾಶಿಗೆ ಹೋದ್ರೂ ಬನಶಂಕರಿ ಹೊಂಡಕ್ಕೆ ಹೋದ್ರೂ ಬೊಗಸೆ ನೀರು ಬಾಯಿಗೆ ಹಾಕ್ಕೊಳ್ಳೋದು ಅವಳ ರೂಢಿ. ಬೊಗಸೆ ಎತ್ತಿದಾಗ ಮಗಳು "ಅಜ್ಜೀ ಬೇಡಾ" ಅಂತ ಕಿರುಚಿದ್ಲು, ಪಾರ್ಕಿನವರು ಮಕ್ಕಳಿಗೆ ಕೊಡೋ ಜೂನಿಯರ್ ರೇಂಜರ್ ಪುಸ್ತಕಕ್ಕಾಗಿ ಅವಳು ಬೋರ್ಡ್ ಎಲ್ಲ ಓದಿದ್ಲು, ನದೀಲಿ ವಿಷದ ಪಾಚಿ ಇರಬಹುದು, ಬಾಯಿಗೆ ಮುಖಕ್ಕೆ ತಾಗಿಸಬೇಡಿ ಅಂತ ಅದರಲ್ಲಿತ್ತು. ಅವ್ವ ನೀರನ್ನ ವಾಪಸ್ ನದಿಗೆ ಬಿಟ್ಟು, ಕೈ ಒರೆಸ್ಕೊಂಡು, ನದಿಗೆ ಕೈ ಮುಗಿದ್ಲು. "ಪಾಪ, ಇದಕ್ಕೂ ಆರಾಮಿಲ್ಲ" ಅಂದ್ಲು.

ಮೂರನೇ ದಿನ: ಬ್ರೈಸ್

ಬ್ರೈಸ್ ಹತ್ತಿರದ ಮೋಟೆಲಲ್ಲಿ ಬೆಳಗ್ಗೆ ಕಾರ್ ಸ್ಟಾರ್ಟ್ ಮಾಡಿದ್ರೆ ಟೈರಿನ ಹಳದಿ ದೀಪ, ನಾಲ್ಕೂ ಟೈರಲ್ಲಿ ಗಾಳಿ ಕಮ್ಮಿ. ನಾಲ್ಕೂ ಒಟ್ಟಿಗೆ ಪಂಕ್ಚರ್ ಹೆಂಗಾಗುತ್ತೆ? ಪಕ್ಕದಲ್ಲಿ ಪಿಕಪ್ಪಿನ ಗಾಜಿನ ಮೇಲಿನ ಇಬ್ಬನಿ ಕೆರೀತಿದ್ದ ಅಜ್ಜ ಒಬ್ಬರು ನಮ್ಮ ನಂಬರ್ ಪ್ಲೇಟ್ ನೋಡಿ ನಕ್ಕು, "ಗಾಳಿ ಎಲ್ಲೂ ಹೋಗಿಲ್ಲ, ಫೀನಿಕ್ಸ್ ಬಿಸಿಲಲ್ಲಿ ತುಂಬಿಸಿದ್ದು ಇಲ್ಲಿ ಚಳಿಗೆ ಮುದುಡಿದೆ" ಅಂತ ವಿವರಿಸಿದ್ರು. ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದ್ರೆ ಟೈರಿನ ಗಾಳಿ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತಂತೆ, ನಾವು 110ರಿಂದ ನೀರು ಗಟ್ಟಿಯಾಗೋ ಚಳಿಗೆ ಬಂದಿದ್ವಿ, ಲೆಕ್ಕ ಹಾಕಿದ್ರೆ ಏಳೆಂಟು ಪಿಎಸ್‌ಐ. ಅವರೇ ತಮ್ಮ ಗಾಡಿಯಿಂದ ಸಣ್ಣ ಪಂಪ್ ತಂದು ನಾಲ್ಕಕ್ಕೂ ಹಾಕಿಕೊಟ್ರು. ಅವ್ವ ಸುಮ್ನೆ ಬಿಡ್ತಾಳಾ, ಎರಡು ರೊಟ್ಟಿ ಮೇಲೆ ಶೇಂಗಾ ಚಟ್ನಿ ಹಾಕಿ ಪೇಪರ್ ಪ್ಲೇಟಲ್ಲಿ ಕೊಟ್ಲು. ಅವರು ಒಂದು ತುಂಡು ಮುರಿದು ತಿಂದು, ಎರಡನೇದನ್ನ ಹೆಂಡತಿಗೆ ಅಂತ ಒಳಗೆ ತಗೊಂಡು ಹೋದ್ರು.

ಬ್ರೈಸ್ ಹೆಸರಿಗೆ ಕ್ಯಾನ್ಯನ್, ನಿಜವಾಗಿ ಅದು ನದಿ ಕೊರೆದ ಕಣಿವೆ ಅಲ್ಲ, ಎಂಟು ಒಂಬತ್ತು ಸಾವಿರ ಅಡಿ ಎತ್ತರದ ಬಯಲಿನ ಅಂಚು ಉದುರಿ ಉದುರಿ ಆದ ಬಟ್ಟಲುಗಳು. ಹಗಲು ಕರಗಿದ ನೀರು ಬಿರುಕಿಗೆ ಇಳಿಯೋದು, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನ ಒಡೆಯೋದು, ಹಿಂಗೆ ವರ್ಷದಲ್ಲಿ ಹತ್ತಿರ ಹತ್ತಿರ ಇನ್ನೂರು ದಿನ. ಉಳ್ಕೊಂಡಿರೋ ಕಂಬಗಳಿಗೆ ಹೂಡೂ ಅಂತಾರೆ. ಅಲ್ಲಿನ ಮೂಲನಿವಾಸಿಗಳಾದ ಪಾಯೂಟ್ ಜನ, ಇವರೆಲ್ಲ ಹಿಂದೆ ಮನುಷ್ಯರಂತೆ ಇದ್ದವರು, ಕೆಟ್ಟದ್ದು ಮಾಡಿದ್ದಕ್ಕೆ ಕಾಯೋಟಿ ಅನ್ನೋ ನರಿಯಂಥ ಪ್ರಾಣಿ ಅವರನ್ನ ಕಲ್ಲು ಮಾಡ್ತು ಅಂತ ಹೇಳ್ತಾರೆ. "ನಮ್ಮ ಅಹಲ್ಯಾನ ಹಂಗ" ಅಂದ್ಲು ಅವ್ವ, "ಇವರನ್ನ ಎಬ್ಬಸಾಕ ಯಾರೂ ಬರ್ಲಿಲ್ಲೇನು?"

ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ರೇಂಜರ್ ಹತ್ರ ಕೇಳ್ಕೊಂಡು ಬಂದಿದ್ದನ್ನ ಅಜ್ಜಂಗೆ ಹೇಳ್ತಿದ್ಲು. ಇಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್ ತನಕ ನೆಲ ಒಂದು ದೊಡ್ಡ ಮೆಟ್ಟಿಲ ಸಾಲು, ಬ್ರೈಸಿನ ಬುಡದ ಕಲ್ಲು ಜಾಯನ್ನಿನ ನೆತ್ತಿ ಕಲ್ಲು, ಜಾಯನ್ನಿನ ಬುಡ ಗ್ರ್ಯಾಂಡ್ ಕ್ಯಾನ್ಯನ್ನಿನ ನೆತ್ತಿ. ಅಪ್ಪ ರೊಟ್ಟಿ ಗಂಟು ಬಿಚ್ಚಿ ಒಂದರ ಮೇಲೊಂದು ಒಂಬತ್ತು ರೊಟ್ಟಿ ಇಟ್ರು. ಮೇಲಿನ ಮೂರು ಬ್ರೈಸು, ನಡುವಿನ ಮೂರು ಜಾಯನ್ನು, ಕೆಳಗಿನ ಮೂರು ಇನ್ನೂ ನೋಡಬೇಕಾದ್ದು. ಮೇಲಿನ ಮೂರನ್ನ ಮುರಿದು ನಮಗೆಲ್ಲ ಹಂಚಿದ್ರು, "ಇದನ್ನ ಗಾಳಿ ಮಳಿ ತಿಂದು ಬಿಟ್ಟಾವು, ಅದಕ್ಕ ಅಲ್ಲಿ ಜಾಯನ್ ಮ್ಯಾಲೆ ಬ್ರೈಸ್ ಇಲ್ಲ" ಅಂದ್ರು. ಮೂವತ್ನಾಲ್ಕು ವರ್ಷ ಪ್ರೈಮರಿ ಸ್ಕೂಲಲ್ಲಿ ಪಾಠ ಮಾಡಿದವರು. ನಾನು ಓದಿದ ಯಾವ ಪುಸ್ತಕದ ಚಿತ್ರಕ್ಕಿಂತ ಅದೇ ನನಗೆ ಅರ್ಥ ಆಗಿದ್ದು.

ನಾಲ್ಕನೇ ದಿನ: ಹೈವೇ 12, ಕ್ಯಾಪಿಟಲ್ ರೀಫ್

ಈ ರಸ್ತೆ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಎಸ್ಕಲಾಂಟೆ ದಾಟಿದ ಮೇಲೆ ಹಾಗ್‌ಬ್ಯಾಕ್ ಅಂತ ಒಂದು ಕಡೆ ರಸ್ತೆ ಬೆಟ್ಟದ ಬೆನ್ನೆಲುಬಿನ ಮೇಲೇ ಹೋಗುತ್ತೆ, ಎರಡೂ ಕಡೆ ಪಾತಾಳ, ತಡೆಗೋಡೆ ಇಲ್ಲ. ನಮ್ಮನೆಯವರು ಸ್ಟಿಯರಿಂಗ್ ಬಿಗಿ ಹಿಡಿದು ಉಸಿರೇ ಬಿಡ್ತಿರಲಿಲ್ಲ, ಅವ್ವ "ಅಳಿಯಾರ, ಸಾವಕಾಶ ಹೋಗ್ರಿ, ನಮಗ ಅವಸರಿಲ್ಲ" ಅಂತ ಐದು ಸಲ ಹೇಳಿದ್ಲು. ಬೆಳಗಿನ ಹೊತ್ತೇ ಹೋಗಿ, ಕತ್ತಲಾದ ಮೇಲೆ ಬೇಡ, ಜಿಂಕೆ ಅಡ್ಡ ಬರ್ತವೆ, ದನಾನೂ ಬರ್ತವೆ, ಫೋನಿಗೆ ಸಿಗ್ನಲ್ ಇರಲ್ಲ, ಮ್ಯಾಪ್ ಮುಂಚೇನೇ ಡೌನ್‌ಲೋಡ್ ಮಾಡಿಟ್ಕೊಳ್ಳಿ. ಮುಂದೆ ಸಿಗೋ ಬೌಲ್ಡರ್ ಅನ್ನೋ ಪುಟ್ಟ ಊರಿಗೆ 1930ರ ದಶಕದಲ್ಲೂ ಟಪಾಲು ಹೇಸರಗತ್ತೆ ಮೇಲೆ ಬರ್ತಿತ್ತಂತೆ, ಆ ರಸ್ತೆ ನೋಡಿದ ಮೇಲೆ ಯಾಕೆ ಅಂತ ಯಾರೂ ಕೇಳಲ್ಲ.

ಬೌಲ್ಡರ್ ಬೆಟ್ಟದ ಮೇಲೆ ಆಸ್ಪೆನ್ ಮರಗಳು ಪೂರ್ತಿ ಹಳದಿ ತಿರುಗಿದ್ವು. ಗಾಳಿ ಬಂದ್ರೆ ಇಡೀ ಬೆಟ್ಟ ಅಲ್ಲಾಡಿದಂಗೆ. "ದಸರಾಕ ಬಂಗಾರ ಕೊಡೂದಿದ್ರ ಈ ಎಲಿ ಕೊಡಬೇಕ ನೋಡು" ಅಂದ್ಲು ಅವ್ವ.

ಕ್ಯಾಪಿಟಲ್ ರೀಫನ್ನ ನಾನು ಅರ್ಧ ದಿನಕ್ಕೆ ಮುಗಿಸೋ ಪ್ಲ್ಯಾನ್ ಮಾಡಿದ್ದೆ, ಅದು ತಪ್ಪು, ಒಂದು ದಿನ ಪೂರ್ತಿ ಕೊಡಬೇಕಿತ್ತು. ಕೆಂಪು ಗೋಡೆಗಳ ನಡುವೆ ಫ್ರೂಟಾ ಅಂತ ಊರಿತ್ತು, 1880ರ ದಶಕದಲ್ಲಿ ಮಾರ್ಮನ್ ಪಂಥದ ಕುಟುಂಬಗಳು ಬಂದು ನದಿ ನೀರು ತಿರುಗಿಸಿ ಹಣ್ಣಿನ ತೋಟ ಮಾಡಿದ್ರು. ಜನ ಹೋದ್ರು, ತೋಟ ಇದೆ, ಪಾರ್ಕಿನವರು ನೋಡ್ಕೋತಾರೆ. ಸೀಸನ್ನಲ್ಲಿ ಬೋರ್ಡ್ ಹಾಕಿರೋ ತೋಟದೊಳಗೆ ಹೋಗಿ ಎಷ್ಟಾದ್ರೂ ಹಣ್ಣು ತಿನ್ನಬಹುದು, ಮನೆಗೆ ಒಯ್ಯೋದಾದ್ರೆ ಅಲ್ಲೇ ಇರೋ ತಕ್ಕಡೀಲಿ ತೂಕ ಮಾಡಿ ಡಬ್ಬಿಗೆ ದುಡ್ಡು ಹಾಕಬೇಕು, ಕಾಯೋಕೆ ಯಾರೂ ಇಲ್ಲ. ಸೇಬಿನ ಕೊನೇ ದಿನಗಳು. ಅವ್ವ ಸೇಬು ಹೆಚ್ಚಿ ಉಪ್ಪು ಖಾರ ಸವರಿ ಕೊಟ್ಲು, ಹುಳಿ ಸೇಬಿಗೆ ಬ್ಯಾಡಗಿ ಖಾರ, ಹಲ್ಲು ಜುಮ್ ಅಂತು.

ರಸ್ತೆ ಪಕ್ಕ ಒಂದು ಮರದ ಕೋಣೆ, ಫ್ರೂಟಾ ಶಾಲೆ. 1896ರಲ್ಲಿ ಕಟ್ಟಿದ್ದು, 1941ಕ್ಕೆ ಮುಚ್ಚಿದ್ದು. ಬೀಗ ಹಾಕಿತ್ತು, ಕಿಟಕಿಯಿಂದ ಬಗ್ಗಿ ನೋಡಬಹುದು ಅಷ್ಟೇ. ಅಪ್ಪ ಎರಡೂ ಕೈ ಕಣ್ಣಿನ ಪಕ್ಕ ಇಟ್ಕೊಂಡು ಗಾಜಿಗೆ ಹಣೆ ಹಚ್ಚಿ ನಿಂತ್ರು. ಒಳಗೆ ಕರಿಹಲಗೆ, ಸಾಲು ಡೆಸ್ಕು. ಅಪ್ಪನ ಮೊದಲ ಪೋಸ್ಟಿಂಗ್ ಏಕೋಪಾಧ್ಯಾಯ ಶಾಲೆ, ಒಂದೇ ಕೋಣೇಲಿ ಒಂದರಿಂದ ನಾಲ್ಕನೇ ಕ್ಲಾಸು. "ಸಣ್ಣವರನ್ನ ಮುಂದ ಕುಂಡ್ರಿಸಿರ್ತಾರ. ದೊಡ್ಡವರು ಹಿಂದ. ದೊಡ್ಡವರಿಗೆ ಲೆಕ್ಕ ಕೊಟ್ಟು ಸಣ್ಣವರ ಕೈ ಹಿಡಿದು ತಿದ್ದಿಸಬೇಕು," ಅಂತ ಗಾಜಿನ ಆ ಕಡೆ ಇರೋ ಖಾಲಿ ಡೆಸ್ಕುಗಳನ್ನ ತೋರಿಸ್ತಾ ನನಗೆ ಹೇಳ್ತಿದ್ರು. ಅವರ ಉಸಿರಿಗೆ ಗಾಜು ಮಬ್ಬಾಯ್ತು, ಅಂಗಿ ತೋಳಿಂದ ಒರೆಸಿ ಮತ್ತೆ ನೋಡಿದ್ರು. ಸನ್‌ಸೆಟ್ ಪಾಯಿಂಟಿಗೆ ಹೋಗಲೇ ಇಲ್ಲ.

ಐದನೇ ದಿನ: ಆರ್ಚಸ್

ಹ್ಯಾಂಕ್ಸ್‌ವಿಲ್‌ನಲ್ಲಿ ಬಂಡೆ ಕೊರೆದು ಮಾಡಿದ ಪೆಟ್ರೋಲ್ ಬಂಕಿನ ಅಂಗಡಿ ಇದೆ, ಅಲ್ಲೇ ಟ್ಯಾಂಕ್ ತುಂಬಿಸಿ, ಮುಂದೆ ತುಂಬಾ ದೂರ ಏನೂ ಇಲ್ಲ. ಆ ವರ್ಷ ಆರ್ಚಸ್ ಪಾರ್ಕ್ ಒಳಗೆ ಹೋಗೋಕೆ ಬೆಳಗ್ಗೆ 7ರಿಂದ ಸಂಜೆ 4ರ ತನಕ ಮುಂಚೇನೇ ಟೈಮ್ ಸ್ಲಾಟ್ ಬುಕ್ ಮಾಡಬೇಕಿತ್ತು. ನಾವು ಮೋಆಬಲ್ಲಿ ಮಲಗಿ ಎದ್ದು ನಾಲ್ಕರ ಮೇಲೆ ಹೋದ್ವಿ, ಬಿಸಿಲೂ ಇಳಿದಿತ್ತು. ನಿಯಮ ವರ್ಷ ವರ್ಷ ಬದಲಾಗ್ತಿರುತ್ತೆ, ಹೋಗೋ ಮುಂಚೆ ನೋಡ್ಕೊಳ್ಳಿ.

ಡೆಲಿಕೇಟ್ ಆರ್ಚ್ ಅನ್ನೋ ಕಲ್ಲಿನ ಕಮಾನಿಗೆ ಹೋಗಿ ಬರೋಕೆ ಮೂರು ಮೈಲಿ, ನಡುವೆ ಬರೀ ಬೋಳು ಬಂಡೆ ಏರು, ಒಂದು ಮರದ ನೆರಳಿಲ್ಲ. ಅವ್ವನ ಮೊಣಕಾಲಿಗೆ ಆಗಲ್ಲ, ಅವಳೂ ಮಗಳೂ ನಮ್ಮನೆಯವರೂ ಕೆಳಗಿನ ವ್ಯೂಪಾಯಿಂಟಿಗೆ ಹೋದ್ರು, ನಾನು ಅಪ್ಪ ಹತ್ತಿದ್ವಿ. ಅರವತ್ತೆಂಟು ವಯಸ್ಸು, ನಾನು ಅಲ್ಲಲ್ಲಿ ಕೂಡಿಸ್ತಿದ್ದೆ, ಅವರೇ "ಏಳು, ಬೆಳಕು ಹೋಗತೈತಿ" ಅಂತಿದ್ರು. ಕೊನೇಲಿ ಬಂಡೆ ಪಕ್ಕದ ಇಕ್ಕಟ್ಟು ದಾರಿ ತಿರುಗಿದ್ರೆ ಎದುರಿಗೇ ಅದು, ಒಂಟಿಯಾಗಿ, ಕೆಂಡದ ಬಣ್ಣದಲ್ಲಿ. ಯೂಟಾದ ಕಾರ್ ನಂಬರ್ ಪ್ಲೇಟಲ್ಲೆಲ್ಲ ನೋಡಿ ನೋಡಿ ಗೊತ್ತಿದ್ದಿದ್ದೇ, ಆದ್ರೂ ಕಣ್ಣಲ್ಲಿ ನೀರು ಬಂತು.

ಅಪ್ಪ ಸುಸ್ತಾರಿಸ್ಕೊಂಡು, "ಸಿಡ್ಲಫಡಿ ನೆನಪೈತೇನ?" ಅಂದ್ರು. ಬಾದಾಮಿ ಹತ್ತಿರ ಕುರುಚಲು ಕಾಡೊಳಗೆ ಇರೋ ಕಲ್ಲಿನ ಕಮಾನು, ಸಿಡಿಲು ಬಡಿದು ತೂತಾಯ್ತು ಅಂತ ಊರವರು ಹೇಳೋದು, ಅದರಡಿ ಆದಿಮಾನವರು ಬಿಡಿಸಿದ ಚಿತ್ರ ಇವೆ. ಐದನೇ ಕ್ಲಾಸಲ್ಲಿ ಅಪ್ಪನೇ ಕರ್ಕೊಂಡು ಹೋಗಿದ್ರು. ಆವತ್ತು ನಾನು ಬಿಸಿಲು ಅಂತ ಅತ್ತಿದ್ದೆ, ಅವರು ಹೆಗಲ ಮೇಲೆ ಕೂರಿಸ್ಕೊಂಡು ವಾಪಸ್ ನಡೆದಿದ್ರು. ಇಳಿಯೋವಾಗ ಪೂರ್ತಿ ಕತ್ತಲು, ಹಣೆಗೆ ಕಟ್ಕೊಳ್ಳೋ ದೀಪ ಒಂದೇ ತಂದಿದ್ದೆ, ಎರಡು ತರಬೇಕಿತ್ತು. ಅದನ್ನ ಅಪ್ಪಂಗೆ ಕಟ್ಟಿ ನಾನು ಅವರ ಭುಜ ಹಿಡ್ಕೊಂಡು ಹಿಂದೆ ಇಳಿದೆ.

ಆರನೇ ದಿನ: ಕ್ಯಾನ್ಯನ್‌ಲ್ಯಾಂಡ್ಸ್, ದಕ್ಷಿಣಕ್ಕೆ

ಬೆಳಗ್ಗೆ ಐಲ್ಯಾಂಡ್ ಇನ್ ದ ಸ್ಕೈ ಭಾಗ ಮಾತ್ರ ನೋಡಿದ್ವಿ. ಗ್ರ್ಯಾಂಡ್ ವ್ಯೂ ಪಾಯಿಂಟಲ್ಲಿ ನಿಂತ್ರೆ ಕೆಳಗೆ ನೆಲ ಬೇಸಿಗೇಲಿ ಬತ್ತಿ ಬಿರಿದ ಕೆರೆಯ ತಳದಂಗೆ ಕಾಣುತ್ತೆ, ಗ್ರೀನ್ ನದಿ ಕೊಲೊರಾಡೋ ನದಿ ಅಲ್ಲೆಲ್ಲೋ ಒಳಗೆ ಕೂಡ್ತವೆ, ನೀರು ಮಾತ್ರ ಕಾಣಲ್ಲ. ಪಾರ್ಕೊಳಗೆ ಅಂಗಡಿ ಇಲ್ಲ, ತಲೆಗೆ ನಾಲ್ಕು ಲೀಟರ್ ನೀರು ಕಾರಲ್ಲಿರಲಿ. ಸಂಜೆ ಮೆಕ್ಸಿಕನ್ ಹ್ಯಾಟ್ ದಾಟಿ ಮಾನ್ಯುಮೆಂಟ್ ವ್ಯಾಲಿ ಸೇರೋ ಹೊತ್ತಿಗೆ ಎಲ್ಲರಿಗೂ ಸುಸ್ತು, ಮಗಳಿಗೆ ಮೂಗಲ್ಲಿ ರಕ್ತ ಬಂತು, ಒಣ ಗಾಳಿಗೆ. ಅವ್ವ ಮೂಗಿಗೆ ಕೊಬ್ಬರಿ ಎಣ್ಣೆ ಸವರಿ ಮಲಗಿಸಿದ್ಲು.

ಏಳನೇ ದಿನ: ಮಾನ್ಯುಮೆಂಟ್ ವ್ಯಾಲಿ

ಆಯುಧ ಪೂಜೆ, ನಮ್ಮ ಕಡೆ ಖಂಡೇಪೂಜಿ. ಅವ್ವ ಬೆಳಗ್ಗೆ ಆರಕ್ಕೇ ಕಾರ್ ತೊಳೆಯೋಕೆ ನೀರು ಕೇಳಿದ್ಲು. ಈ ಸೀಮೆಯಲ್ಲಿ ಎಷ್ಟೋ ನವಾಹೊ ಮನೆಗಳಿಗೆ ಇವತ್ತಿಗೂ ನಲ್ಲಿ ಇಲ್ಲ, ದೂರದಿಂದ ಡ್ರಮ್ಮಲ್ಲಿ ನೀರು ತರ್ತಾರೆ ಅಂತ ಹೇಳಿದೆ. ಅವ್ವ ಬಕೆಟ್ ಕೆಳಗಿಟ್ಟು, ಒದ್ದೆ ಬಟ್ಟೇಲಿ ಗಾಜು ಲೈಟು ಒರೆಸಿ, ಕುಂಕುಮ ಹಚ್ಚಿ, ಟೈರಿಗೆ ನಿಂಬೆಹಣ್ಣು ಇಟ್ಲು. ಕಾಯಿ ಇರಲಿಲ್ಲ, ಫ್ರೂಟಾದ ಸೇಬೇ ನೈವೇದ್ಯ.

ಇದು ನವಾಹೊ ನೇಷನ್ನಿನ ಪಾರ್ಕು, ನಮ್ಮ ವರ್ಷದ ಪಾಸ್ ನಡೆಯಲ್ಲ, ಬೇರೆ ಟಿಕೆಟ್ಟು. ಒಳಗೆ 17 ಮೈಲಿ ಮಣ್ಣಿನ ರಸ್ತೆ, ಕಾರಿನ ಹೊಟ್ಟೆಗೆ ಕಲ್ಲು ಎರಡು ಕಡೆ ತಾಗಿತು, ಗಾಡಿ ಎತ್ತರ ಇದ್ರೆ ಮಾತ್ರ ಸ್ವಂತದ್ದು ತಗೊಂಡು ಹೋಗಿ. ಕೈಯಲ್ಲಿ ನಗದು ಇರಲಿ, ಜನರ ಫೋಟೋ ಕೇಳದೆ ತೆಗೀಬೇಡಿ.

ರಸ್ತೆ ಪಕ್ಕ ಮಣಿ ಸರ, ಕಂಬಳಿ ಇಟ್ಕೊಂಡು ಅವ್ವನ ವಯಸ್ಸಿನ ಒಬ್ಬರು ಹೆಂಗಸು ಕೂತಿದ್ರು. ಅವ್ವ ಇಳಕಲ್ ಸೀರೆ ಉಟ್ಟು ಗುಳೇದಗುಡ್ಡ ಖಣದ ಕುಪ್ಪಸ ತೊಟ್ಟಿದ್ಲು. ಆಯಮ್ಮ ಕೈ ಮುಂದೆ ಮಾಡಿ, ಮುಟ್ಟಲಾ ಅಂತ ಕಣ್ಣಲ್ಲೇ ಕೇಳಿ, ಅವ್ವನ ತೋಳಿನ ಖಣ ಬೆರಳಲ್ಲಿ ತಿಕ್ಕಿ ನೋಡಿದ್ರು. ಮೇಲೆ ಅಲ್ಲ, ಒಳಮಗ್ಗುಲು ಮಡಚಿ ದಾರ ನೋಡಿದ್ರು. ಅವ್ವಂಗೆ ಅಷ್ಟು ಸಾಕಾಯ್ತು. "ಇಕಿ ನೇಯಾಕಿ" ಅಂದ್ಲು ನನಗೆ. "ಕೊಳ್ಳಾವರು ಮ್ಯಾಲಿನ ಬಣ್ಣ ನೋಡ್ತಾರ, ನೇಯಾವರು ಹಿಂದ ತಿರುವಿ ನೋಡ್ತಾರ."

ಆಮೇಲೆ ಒಂದೂವರೆ ಗಂಟೆ. ನಾನು ಮಧ್ಯೆ ಕೂತು ಎರಡೂ ಕಡೆ ಹೇಳ್ತಿದ್ದೆ, ಅರ್ಧಕ್ಕರ್ಧ ನನ್ನ ಅವಶ್ಯಕತೆಯೇ ಇರಲಿಲ್ಲ. ಅಜ್ಜಿ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಖಣ ನೇಯ್ತಿದ್ದದ್ದು, ತೇರು, ತೊಟ್ಟಿಲ ನಕ್ಷೆ, ಅವ್ವ ಮಣ್ಣಲ್ಲಿ ಗೆರೆ ಎಳೆದು ತೋರಿಸಿದ್ಲು. ಅವರ ಮಗ್ಗ ನೆಟ್ಟಗೆ ನಿಲ್ಲೋದು, ಮುಂದೆ ಕೂತು ಕೆಳಗಿಂದ ಮೇಲಕ್ಕೆ ನೇಯ್ತಾ ಹೋಗೋದು, ಉಣ್ಣೆ ತಮ್ಮ ಕುರಿಗಳದ್ದೇ. ನೇಯ್ಗೆ ಕಲಿಸಿದ್ದು ಜೇಡದ ತಾಯಿ ಅಂತ ಅವರ ಹಿರಿಯರು ಹೇಳ್ತಾರೆ ಅಂದ್ರು. ಮಕ್ಕಳು ನೇಯ್ತಾರಾ ಅಂತ ಅವ್ವ ಕೇಳಿದ್ಲು. ಒಬ್ಬಳು ಮೊಮ್ಮಗಳು ಕಲೀತಿದ್ದಾಳೆ ಅಂದ್ರು. "ನಮ್ಮ ಮನ್ಯಾಗ ಯಾರೂ ಉಳೀಲಿಲ್ಲ" ಅಂತ ಅವ್ವ ಹೇಳಿದ್ದನ್ನ ನಾನು ಇಂಗ್ಲಿಷಲ್ಲಿ ಹೇಳೋವಾಗ ನನ್ನ ಗಂಟಲು ಕಟ್ಟಿತು, ಯಾಕಂದ್ರೆ ಆ ಉಳೀದೇ ಹೋದವರಲ್ಲಿ ನಾನೂ ಇದ್ದೀನಿ.

ಏಳೋ ಮುಂಚೆ ಅವ್ವ ಚೀಲದಿಂದ ಒಂದು ಹೊಸ ಖಣ ತೆಗೆದು, ನವರಾತ್ರಿ ಅಲ್ವಾ, ಹಿಡಿ ಅಕ್ಕಿ, ಅಡಿಕೆ, ಒಂದು ಸೇಬು ಇಟ್ಟು ಆಯಮ್ಮನ ಉಡಿ ತುಂಬಿದ್ಲು. ಅವರು ಲಂಗ ಹಿಡಿದು ತಗೊಂಡ್ರು, ಯಾರೂ ಹೇಳಿಕೊಡಬೇಕಾಗಲಿಲ್ಲ. ತಿರುಗಿ ಕಂದು ಬಣ್ಣದ ಉಣ್ಣೆ ದಾರದ ಸಣ್ಣ ಉಂಡೆ ಅವ್ವನ ಕೈಗೆ ಇಟ್ಟು, ಅವ್ವನ ಬೆರಳುಗಳನ್ನ ಅದರ ಮೇಲೆ ಮಡಚಿದ್ರು.

ಎಂಟನೇ ದಿನ: ಗ್ರ್ಯಾಂಡ್ ಕ್ಯಾನ್ಯನ್

ಹಿಂದಿನ ರಾತ್ರಿ ತಡವಾಗಿ ಕಣಿವೆಯ ದಕ್ಷಿಣದ ಅಂಚು ಸೌತ್ ರಿಮ್ ಹೊರಗಿನ ಊರು ಸೇರಿದ್ವಿ, ಹೀಗಾಗಿ ಕಣಿವೆ ಮೊದಲು ಕಂಡಿದ್ದು ವಿಜಯದಶಮಿ ಬೆಳಗ್ಗೆ. 277 ಮೈಲಿ ಉದ್ದ, ಒಂದು ಮೈಲಿ ಆಳ ಅಂತೆಲ್ಲ ಓದಿದ್ದೆ, ಎದುರಿಗೆ ನಿಂತಾಗ ಅದು ಯಾವುದೂ ನೆನಪಾಗಲ್ಲ. ಜನ ತಾವಾಗೇ ದನಿ ಇಳಿಸಿ ಮಾತಾಡ್ತಾರೆ.

ಪೂರ್ವಕ್ಕೆ ಡೆಸರ್ಟ್ ವ್ಯೂ ಕಡೆ ಹೋದ್ರೆ ಜನ ಕಮ್ಮಿ, 1932ರಲ್ಲಿ ಮೇರಿ ಕೋಲ್ಟರ್ ಅನ್ನೋ ಹೆಣ್ಣುಮಗಳು ವಿನ್ಯಾಸ ಮಾಡಿದ ಕಲ್ಲಿನ ಗೋಪುರ ಇದೆ. ಆ ದಾರೀಲಿ ಒಂದು ಶಿಖರ ತೋರಿಸಿ ಅದರ ಹೆಸರು ವಿಷ್ಣು ಟೆಂಪಲ್ ಅಂದೆ, ಬ್ರಹ್ಮ, ಶಿವನ ಹೆಸರಿನವೂ ಇವೆ. 1880ರ ದಶಕದಲ್ಲಿ ಇಲ್ಲಿ ಸರ್ವೆ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್ ಕಾಲದಿಂದ ಬಂದ ಹೆಸರುಗಳು. ತಳದಲ್ಲಿ ಕಪ್ಪಗೆ ಕಾಣೋ ಕಲ್ಲಿಗೂ ವಿಷ್ಣು ಶಿಸ್ಟ್ ಅಂತಾನೇ ಹೆಸರು, ಸುಮಾರು 170 ಕೋಟಿ ವರ್ಷದ್ದು. ನಾವು ನಿಂತಿದ್ದ ಅಂಚಿನ ಸುಣ್ಣಕಲ್ಲಿಗೆ ಸುಮಾರು 27 ಕೋಟಿ. ಅವ್ವ ಕೈ ಮುಗಿದು, "ತಳದಾಗ ಮಲಗ್ಯಾನ ನೋಡು" ಅಂದ್ಲು.

ಮಧ್ಯಾಹ್ನ ಉಳಿದ ರೊಟ್ಟಿ ಜೋಡಿಸಿದಾಗ ಮಗಳು ಒಂದನ್ನ ಕೈಯಲ್ಲಿ ಹಿಡಿದು "ಅಜ್ಜಾ, ಬಾದಾಮಿ ಕಲ್ಲು ಎಲ್ಲಿ ಬರುತ್ತೆ?" ಅಂತ ಕೇಳಿದ್ಲು. ಬಾದಾಮಿ ಕೆಂಪು ಕಲ್ಲು ನಾವು ಆ ವಾರ ನೋಡಿದ ಕೆಂಪು ಗೋಡೆಗಳಿಗಿಂತ ಎಷ್ಟೋ ಹಳೇದು, ವಿಷ್ಣು ಕಲ್ಲಿಗಿಂತ ಮಾತ್ರ ಚಿಕ್ಕದು. ಅಪ್ಪ ಗಂಟನ್ನ ಎತ್ತಿ, ತಳದ ಒಂದನ್ನ ಬಿಟ್ಟು, ಅದರ ಮೇಲೆ ಇಡಿಸಿದ್ರು.

ಸಂಜೆ ಹೊತ್ತು ಮುಳುಗೋ ಮುಂಚೆ ಅಂಚಿನ ಕಂಬಿ ಹತ್ರ ನಿಂತಾಗ ಅವ್ವ ಆ ಪ್ಲಾಸ್ಟಿಕ್ ಚೀಲ ತೆಗೆದ್ಲು. ಮೆಸ್ಕೀಟ್ ನಮ್ಮ ಬನ್ನಿ ಮರದ ಸಂಬಂಧಿಕ, ಎಲೆ ನೋಡಿದ್ರೆ ಗೊತ್ತಾಗುತ್ತೆ, ಮುಳ್ಳೂ ಹಾಗೇ, ಫೀನಿಕ್ಸಿಗೆ ಬಂದ ಮೊದಲ ವಾರಾನೇ ಅವ್ವ ಅದನ್ನ ಗುರುತು ಹಿಡಿದಿದ್ಲು. ಎಂಟು ದಿನಕ್ಕೆ ಒಣಗಿ ಪುಡಿಪುಡಿ ಆಗಿತ್ತು. ಮೊದಲು ಅಪ್ಪಂಗೆ ಕೊಟ್ಟು ಕಾಲು ಮುಟ್ಟಿದ್ಲು. ಅಪ್ಪ ಅಳಿಯಂಗೆ, ಮೊಮ್ಮಗಳಿಗೆ, ಕೊನೆಗೆ ನನಗೆ. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು" ಅಂತ ನನ್ನ ಅಂಗೈಗೆ ಎಲೆ ಹಾಕಿದ್ರು. ಚೀಲದಲ್ಲಿ ಇನ್ನೂ ನಾಲ್ಕೈದು ಎಲೆ ಉಳಿದಿತ್ತು. ಅಪ್ಪ ಕಣಿವೆ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತ್ರು, ಕೆಳಗೆ ಎಲ್ಲೋ ಕೊಲೊರಾಡೋ ನದಿ, ಮೊದಲ ದಿನ ಡ್ಯಾಮ್ ಹತ್ರ ನೋಡಿದ್ದ ಅದೇ ನೀರು. ಆಮೇಲೆ ಆ ಎಲೆಗಳನ್ನ ಜೋಪಾನವಾಗಿ ಅಂಗಿ ಜೇಬಿಗೆ ಹಾಕ್ಕೊಂಡು, "ಇವು ಓಣಿಯವರಿಗೆ" ಅಂದ್ರು.